ಆರು ಗಂಟೆಯ ನಂತರ ಬರುವವರು

ಬೆಳಿಗ್ಗೆ ಐದೂಮುಕ್ಕಾಲು. ನಲ್ಲಿ ತಯಾರಿಸುವ ಕಾರ್ಖಾನೆಯ ಗೇಟಿನೊಳಗೆ, ಹಾಜರಾತಿ ಯಂತ್ರದ ಪಕ್ಕದಲ್ಲಿ ಸಣ್ಣ ಮೇಜು ಹಾಕಿಕೊಂಡು ಒಬ್ಬ ಹೆಂಗಸು ಕುಳಿತಿದ್ದಾರೆ. ಮುಂದೆ ಉದ್ದನೆಯ ಪುಸ್ತಕ, ದಾರ ಕಟ್ಟಿದ ಪೆನ್ನು. ಕಾರ್ಮಿಕರು ಒಬ್ಬೊಬ್ಬರಾಗಿ ಬಂದು ಯಂತ್ರಕ್ಕೆ ಬೆರಳು ಒತ್ತುತ್ತಾರೆ, ಹಸಿರು ದೀಪ ಹತ್ತಿದರೆ ಒಳಗೆ ಹೋಗುತ್ತಾರೆ. ಪಾಲಿಶ್ ವಿಭಾಗದವರು ಬಂದಾಗ ಮಾತ್ರ ಕೆಂಪು ಹತ್ತುತ್ತದೆ. ವರ್ಷಗಟ್ಟಲೆ ಹಿತ್ತಾಳೆ ಉಜ್ಜಿ ಉಜ್ಜಿ ಅವರ ಬೆರಳಿನ ಗೆರೆಗಳೇ ಸವೆದುಹೋಗಿವೆ.

"ಅಕ್ಕಾ, ಈ ಮಿಷಿನ್ ಪಾಲಿಗೆ ನಾನು ಸತ್ತೇ ಹೋಗಿದೀನಿ ನೋಡಿ," ಎನ್ನುತ್ತಾರೆ ನರೆತ ಮೀಸೆಯವರೊಬ್ಬರು.

"ಸತ್ತವರು ಇಷ್ಟು ಸರಿಯಾಗಿ ಟೈಮಿಗೆ ಬರಲ್ಲ ಬಿಡಿ. ಬನ್ನಿ, ಇಲ್ಲಿ ಸಹಿ ಹಾಕಿ."

ಸಾಲಿನಲ್ಲಿದ್ದವರು ನಗುತ್ತಾರೆ. ಮೂವತ್ತೊಂದು ಸಹಿ ಮುಗಿಯುವಷ್ಟರಲ್ಲಿ ಸೈರನ್ ಕೂಗುತ್ತದೆ. ಗೇಟಿನ ಬಳಿ ಅವರೊಬ್ಬರೇ ಉಳಿಯುತ್ತಾರೆ.

ಕಾರ್ಖಾನೆಯವರೆಲ್ಲ ಅವರನ್ನು 'ಅರ್ಜಿ ಅಕ್ಕ' ಎಂದೇ ಕರೆಯುತ್ತಾರೆ. ವಯಸ್ಸು ನಲವತ್ತಾರು, ಎಚ್.ಆರ್. ವಿಭಾಗದಲ್ಲಿ ಹತ್ತೊಂಬತ್ತು ವರ್ಷ. ನಾನೂರ ಹನ್ನೆರಡು ಜನರ ರಜೆ, ಪಾಳಿ, ದೂರು, ರಾಜೀನಾಮೆ ಎಲ್ಲವೂ ಅವರ ಕೈ ದಾಟಿಯೇ ಹೋಗಬೇಕು. ನೇಮಕದ ಪತ್ರದ ಪ್ರಕಾರ ಅವರ ಕೆಲಸ ಒಂಬತ್ತರಿಂದ ಆರು. ಬರುವುದು ಐದೂವರೆಗೆ, ಹೊರಡುತ್ತಿದ್ದುದು ಏಳೂವರೆಗೆ. ಆಫೀಸಿನವರು ಯಂತ್ರಕ್ಕೆ ಬೆರಳು ಒತ್ತುವ ಪದ್ಧತಿಯಿಲ್ಲವಾದ್ದರಿಂದ ಈ ಹೆಚ್ಚುವರಿ ಹೊತ್ತು ಎಲ್ಲಿಯೂ ದಾಖಲಾಗಿಲ್ಲ.

ಕ್ಯಾಂಟೀನಿಗೆ ಅವರು ಹೋಗುವುದನ್ನು ಬಿಟ್ಟು ಎಂಟು ವರ್ಷವಾಯಿತು. "ನಾನು ತಟ್ಟೆ ಹಿಡ್ಕೊಂಡು ಹತ್ರ ಹೋದ್ರೆ ಸಾಕು, ಮಾತು ಟಪ್ ಅಂತ ನಿಲ್ಲುತ್ತೆ. ನನ್ನ ಪಕ್ಕ ಕೂತವರನ್ನ ಆಮೇಲೆ ಎಲ್ಲರೂ ಕೇಳ್ತಾರೆ, 'ಏನು ಚಾಡಿ ಹೇಳಿ ಬಂದೆ?' ಅಂತ. ಅವರಿಗ್ಯಾಕೆ ಆ ಕಷ್ಟ?" ಈಗ ತಮ್ಮ ಕೋಣೆಯಲ್ಲಿಯೇ, ಕಡತಗಳ ಬೀರುವಿನ ಕಡೆ ಮುಖ ಮಾಡಿ ಊಟ ಮಾಡುತ್ತಾರೆ. ಬಾಗಿಲ ಕಡೆ ತಿರುಗಿ ಕುಳಿತರೆ ಎದುರಿನ ಗಾಜಿನಾಚೆ ಮೇಲ್ವಿಚಾರಕರ ಮೇಜುಗಳು. ಯಾರು ಅಕ್ಕನ ಕೋಣೆಗೆ ಹೋದರು, ಎಷ್ಟು ಹೊತ್ತಿದ್ದರು ಎಂಬುದೆಲ್ಲ ಅಲ್ಲಿಗೆ ಕಾಣುತ್ತದೆ.

ಇದನ್ನು ಅರಿಯದೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಹಾಳೆಯನ್ನು ಬಾಗಿಲಿಗೆ ಅಂಟಿಸಿದ್ದರಂತೆ: 'ತೊಂದರೆಯಿದ್ದವರು ಹೆಸರು, ಸಮಯ ಬರೆದು ಬನ್ನಿ.' ತಿಂಗಳಾದರೂ ಹಾಳೆ ಖಾಲಿ. ಕೊನೆಗೆ ಯಾರೋ ಒಂದೇ ಸಾಲು ಬರೆದಿದ್ದರು: 'ಹೆಸರು ಬರೆಯೋದೇ ತೊಂದರೆ.'

"ಓದಿ ನಗು ಬಂತು. ಆಮೇಲೆ ಹಾಳೆ ಕಿತ್ತು ಹಾಕಿದೆ."

ಅಂದಿನಿಂದ ಅವರು ಕಾಯತೊಡಗಿದರು. ಆರಕ್ಕೆ ಮೇಲ್ವಿಚಾರಕರು ಮನೆಗೆ ಹೋಗುತ್ತಾರೆ. ಆರೂವರೆಗೆ ಎರಡನೇ ಪಾಳಿಯವರಿಗೆ ಅರ್ಧ ಗಂಟೆ ಬಿಡುವು. ಪಾಳಿ ವಾರಕ್ಕೊಮ್ಮೆ ಬದಲಾಗುವುದರಿಂದ ಎಲ್ಲರಿಗೂ ಒಂದಲ್ಲ ಒಂದು ವಾರ ಆ ಅರ್ಧ ಗಂಟೆ ಸಿಗುತ್ತದೆ. ಕಳೆದ ವರ್ಷ ಹಗಲಲ್ಲಿ ಮನಸ್ಸು ಬಿಚ್ಚಿ ಮಾತಾಡಿದವರು ಹನ್ನೊಂದು ಜನ. ಆರರ ನಂತರ ಬಂದವರು ನೂರ ಅರವತ್ತಮೂರು.

ಪ್ಯಾಕಿಂಗ್ ವಿಭಾಗದ ಹೆಣ್ಣುಮಗಳೊಬ್ಬಳು ಮೂರು ಸಂಜೆ ಬರೀ ಗುಂಡುಸೂಜಿ ಕೇಳಿಕೊಂಡು ಬಂದಳಂತೆ. ನಾಲ್ಕನೆಯ ಸಂಜೆ ಹೇಳಿದಳು: ತನಗೆ ಐದು ತಿಂಗಳು, ಪೆಟ್ಟಿಗೆ ಎತ್ತಲಾಗುತ್ತಿಲ್ಲ, ಹೇಳಿದರೆ ಕೆಲಸದಿಂದ ತೆಗೆದಾರೆಂಬ ಭಯ. "ಅವಳೊಬ್ಬಳನ್ನೇ ಬದಲಾಯಿಸಿದ್ರೆ ಮಾರನೇ ದಿನವೇ ಹೆಸರು ಹೊರಗೆ ಬೀಳುತ್ತೆ. ಅದಕ್ಕೆ ಎಂಟು ಜನರ ಜಾಗ ಅದಲುಬದಲು ಮಾಡಿದೆ. ಉಳಿದ ಏಳು ಜನ ನನಗೆ ಶಾಪ ಹಾಕಿದ್ರು. ಹಾಕ್ಲಿ ಬಿಡಿ."

ಮನೆಯಲ್ಲಿರುವುದು ಅವರ ಸ್ವಂತ ಅಕ್ಕ ಒಬ್ಬರೇ. ಹೊಲಿಗೆ ಕೆಲಸ ಮಾಡುತ್ತಾರೆ, ಕಣ್ಣು ಸೋಲುತ್ತದೆಂದು ಎಂಟಕ್ಕೆಲ್ಲ ಮಲಗುತ್ತಾರೆ. "ಏನೇ, ಊರವರ ರಜೆಗೆಲ್ಲ ಸಹಿ ಹಾಕ್ತೀಯ. ನಿನ್ನ ಮುಖ ನೋಡೋಕೆ ನಾನೂ ಅರ್ಜಿ ಗುಜರಾಯಿಸ್ಬೇಕಾ?" ಎಂದು ಅವರು ಕೇಳಿದ್ದನ್ನು ಹೇಳುವಾಗ ಅರ್ಜಿ ಅಕ್ಕ ನಗುತ್ತಾರೆ. ನಗು ಮುಗಿದ ಮೇಲೆ ಪುಸ್ತಕದ ಅಂಚನ್ನು ಸರಿಪಡಿಸುತ್ತಾರೆ. ಅದು ಸರಿಯಾಗಿಯೇ ಇದೆ.

ಎರಡು ತಿಂಗಳ ಹಿಂದೆ ಆಡಳಿತದಿಂದ ಸುತ್ತೋಲೆ ಬಂತು. ಸಿಬ್ಬಂದಿಯ ಆರೋಗ್ಯದ ದೃಷ್ಟಿಯಿಂದ ಆರರ ನಂತರ ಆಫೀಸಿನಲ್ಲಿ ಯಾರೂ ಇರಬಾರದು, ಕಾವಲುಗಾರ ಒಂದೇ ಸ್ವಿಚ್ಚಿನಲ್ಲಿ ದೀಪವೆಲ್ಲ ಆರಿಸಿ ಬೀಗ ಹಾಕಬೇಕು. ಟೈಪು ಮಾಡಿದವರು ಇವರೇ. "ಸುತ್ತೋಲೆ ತಪ್ಪಲ್ಲ. ಅಕೌಂಟ್ಸ್ ಹುಡುಗಿ ಈಗ ಮಗು ಎದ್ದಿರುವಾಗಲೇ ಮನೆ ಸೇರ್ತಾಳೆ. ಸಂತೋಷ ಅಲ್ವಾ? ನನ್ನ ಕೆಲಸ ಶುರುವಾಗೋದೇ ಆರಕ್ಕೆ ಅಂತ ಮಾತ್ರ ಯಾರಿಗೂ ಗೊತ್ತಿರ್ಲಿಲ್ಲ."

ತಮ್ಮ ಹೊತ್ತನ್ನು ಬೆಳಿಗ್ಗೆ ಹತ್ತೂವರೆಯಿಂದ ಸಂಜೆ ಏಳೂವರೆಯವರೆಗೆ ಎಂದು ಬದಲಿಸಿಕೊಡಿ, ಬೆಳಗಿನ ಪುಸ್ತಕವನ್ನು ಕಾವಲುಗಾರನಿಗೆ ಕಲಿಸಿಕೊಡುತ್ತೇನೆ ಎಂದು ಅವರು ಅರ್ಜಿ ಬರೆದರು. ಹತ್ತೊಂಬತ್ತು ವರ್ಷಗಳಲ್ಲಿ ತಮಗಾಗಿ ಬರೆದ ಮೊದಲ ಅರ್ಜಿ ಅದು. ವ್ಯವಸ್ಥಾಪಕರು ಕರೆಸಿ, ಚೆನ್ನಾಗಿಯೇ ಮಾತಾಡಿದರಂತೆ.

"ಕೊಡೋಣ ಮೇಡಂ, ಅದಕ್ಕೇನಂತೆ. ಯಾರ್ಯಾರು ಬರ್ತಾರೆ, ಒಂದು ಪಟ್ಟಿ ಕೊಡಿ."

"ಸಂಖ್ಯೆ ಬರೆದಿದೀನಲ್ಲ ಸಾರ್."

"ಸಂಖ್ಯೆ ಯಾರು ಬೇಕಾದ್ರೂ ಬರೀಬಹುದು. ಹೆಸರು ಬೇಕು."

"ಹೆಸರು ಕೊಟ್ರೆ ನಾಳೆಯಿಂದ ಯಾರೂ ಬರಲ್ಲ. ಆಗ ಈ ಅರ್ಜಿಯೇ ಬೇಕಾಗಲ್ಲ ಸಾರ್."

ಅರ್ಜಿ ತಿರಸ್ಕೃತವಾಯಿತು. ತಮ್ಮ ಕಡತಕ್ಕೆ ಅದನ್ನು ಸೇರಿಸಿ ದಾರ ಕಟ್ಟಿದ್ದೂ ಅವರೇ.

ಈಗ ಆರು ಗಂಟೆಗೆ ಎಲ್ಲರ ಜೊತೆ ಹೊರಬೀಳುತ್ತಾರೆ. ಗೇಟಿನಾಚೆ ರಸ್ತೆ ದಾಟಿದರೆ ಬಸ್ ತಂಗುದಾಣ, ಒಂದು ಕಲ್ಲುಬೆಂಚು, ಸ್ವಲ್ಪ ಆಚೆ ಒಂದು ಚಹಾದಂಗಡಿ. ಅವರ ಬಸ್ಸು ಆರೂ ಹತ್ತಕ್ಕೆ ಬರುತ್ತದೆ, ಹೋಗುತ್ತದೆ. ಅವರು ಹತ್ತುವುದಿಲ್ಲ. ಮುಂದಿನದನ್ನೂ ಬಿಡುತ್ತಾರೆ. ಮೊದಲ ಎಂಟು ದಿನ ಯಾರೂ ಬರಲಿಲ್ಲ. ಬಿಡುವಿಗೆ ಹೊರಬಂದವರು ಅವರನ್ನು ಕಂಡು ಮುಖ ತಿರುಗಿಸಿ ಚಹಾ ಕುಡಿದು ಒಳಗೆ ಹೋದರು. "ಅಷ್ಟು ದಿನ ಕೋಣೇಲಿ ಒಬ್ಬಳೇ ಇದ್ದಾಗ ಹೀಗನ್ನಿಸಿರ್ಲಿಲ್ಲ. ರಸ್ತೇಲಿ ಒಬ್ಬಳೇ ಕೂರೋದು ಬೇರೆ." ಒಂಬತ್ತನೆಯ ಸಂಜೆ ಒಬ್ಬ ಬಂದು ಬೆಂಚಿನ ಆ ತುದಿಗೆ ಕುಳಿತು, "ಬಸ್ಸು ಹೋಯ್ತಾ ಅಕ್ಕಾ?" ಎಂದ. ಅವನು ಎಲ್ಲಿಗೂ ಹೋಗುವವನಾಗಿರಲಿಲ್ಲ.

ಈ ಸಂಜೆಯೂ ಒಬ್ಬಾಕೆ ಬಂದು ಕುಳಿತಿದ್ದಾಳೆ. ಇಬ್ಬರ ನಡುವೆ ಒಂದು ಚೀಲ ಇಡುವಷ್ಟು ಜಾಗ. ಆಕೆ ರಸ್ತೆ ನೋಡುತ್ತ ಮಾತಾಡುತ್ತಾಳೆ, ಅಕ್ಕ ರಸ್ತೆ ನೋಡುತ್ತ ಕೇಳುತ್ತಾರೆ. ಚಹಾದಂಗಡಿಯಿಂದ ನೋಡಿದರೆ, ಆ ಮಬ್ಬುಗತ್ತಲಲ್ಲಿ ಇಬ್ಬರೂ ಬಸ್ಸು ಕಾಯುವವರೇ. ಹತ್ತು ನಿಮಿಷ ಕಳೆದು ಆಕೆ ಎದ್ದು ಗೇಟಿನತ್ತ ನಡೆಯುತ್ತಾಳೆ, ಹಿಂತಿರುಗಿ ನೋಡುವುದಿಲ್ಲ.

ನಿಮಗೇನು ಆಗಬೇಕು ಎಂದು ಕೇಳಿದರೆ ಅರ್ಜಿ ಅಕ್ಕ ತಲೆಯೆತ್ತಿ ತಂಗುದಾಣದ ಸೂರು ನೋಡುತ್ತಾರೆ.

"ಈ ತಂಗುದಾಣಕ್ಕೆ ದೊಡ್ಡ ದೀಪ ಹಾಕಿಸ್ತಾರಂತೆ," ಎನ್ನುತ್ತಾರೆ. "ಹಾಕಿಸದೆ ಇದ್ರೆ ಸಾಕು."