ವಿರೋಧಕ್ಕೆ ಒಬ್ಬರು ಬೇಕು

…ಇಲ್ಲ, ಚಪ್ಪಾಳೆ ಬಿದ್ದದ್ದು ಆಮೇಲೆ ಇರಬೇಕು. ಮೊದಲು ನಗು ಬಂತು. ಅಥವಾ ಎರಡೂ ಒಟ್ಟಿಗೇ ಬಂದವು. ಆ ಮಧ್ಯಾಹ್ನದ ಕಥೆಯನ್ನು ಎಷ್ಟೋ ಜನರಿಗೆ ಹೇಳಿ ಹೇಳಿ, ಈಗ ನೆನಪಿರುವುದು ನಡೆದದ್ದೋ ನಾನು ಹೇಳಿದ್ದೋ ಎಂದು ನನಗೇ ಅನುಮಾನ. ಸಭೆ ಕೊಪ್ಪದಲ್ಲಿ ನಡೆಯಿತು ಎಂಬುದು ಖಚಿತ. ಶೃಂಗೇರಿಯ ಗೆಳೆಯನೊಬ್ಬ ಅದನ್ನೂ ಒಪ್ಪುವುದಿಲ್ಲ.

ಎರಡು ಸಾವಿರದ ಇಸವಿಯ ನಂತರದ ಕೆಲವು ವರ್ಷ, ನಾವೊಂದಿಷ್ಟು ಜನ ತಿಂಗಳಿಗೊಮ್ಮೆ ಸೇರಿ ಚರ್ಚೆ ನಡೆಸುತ್ತಿದ್ದೆವು. ವಿಷಯ ಯಾವುದೇ ಇರಲಿ, ಪರವಾಗಿ ಒಬ್ಬರು, ವಿರೋಧವಾಗಿ ಒಬ್ಬರು ಮಾತಾಡಬೇಕೆಂಬುದು ರೂಢಿ. ವಿರೋಧಕ್ಕೆ ಯಾರೂ ಸಿಗದಿದ್ದರೆ ಒಬ್ಬ ಅರ್ಥಧಾರಿಯನ್ನು ಕರೆಯುತ್ತಿದ್ದೆವು. ಬ್ಯಾಂಕಿನಿಂದ ನಿವೃತ್ತರಾದವರು, ತಾಳಮದ್ದಳೆಯಲ್ಲಿ ದೊಡ್ಡ ಹೆಸರು. ಯಕ್ಷಗಾನದ ಪಾತ್ರವನ್ನು ಕೂತಲ್ಲೇ ಮಾತಿನಿಂದ ಕಟ್ಟುವ ಕಲೆ ಅದು; ಹಾಗೆ ಮಾತಾಡುವವರೇ ಅರ್ಥಧಾರಿಗಳು. ಖಳನ ಪಾತ್ರ ವಹಿಸಿದವನು ಖಳನದೇ ನ್ಯಾಯ ಎಂದು ಸಾಧಿಸಬೇಕು. ಎದುರು ಕೂತವನೂ ತಲೆದೂಗಬೇಕು. ನಮಗೆ ಅದರಲ್ಲಿ ಹೆಮ್ಮೆಯಿತ್ತು.

ನನ್ನ ಚಿಕ್ಕಮ್ಮನ ಮಗಳನ್ನು ನರಸಿಂಹರಾಜಪುರಕ್ಕೆ ಮದುವೆ ಮಾಡಿಕೊಟ್ಟಿತ್ತು. ಏಳನೇ ಕ್ಲಾಸಿನಲ್ಲಿದ್ದ ಅವಳ ಮಗಳು ಸಂಗೀತಪಾಠಕ್ಕೆ ಇನ್ನು ಹೋಗುವುದಿಲ್ಲ ಎಂದು ಹಟ ಹಿಡಿದಳು. ಗದರದೆ ಕೇಳಿದಾಗ, ಪಾಠ ಮುಗಿದ ಮೇಲೆ ಮೇಷ್ಟ್ರು ತನ್ನೊಬ್ಬಳನ್ನೇ ಉಳಿಸಿಕೊಂಡು ಏನು ಮಾಡುತ್ತಾರೆಂದು ಹೇಳಿದಳು. ತಂಗಿ ಬೇಡಿದ್ದು ಒಂದೇ: ಅವರೂರಿನ ಸಭಾಭವನದಲ್ಲಿ ಆತ ಮಕ್ಕಳಿಗೆ ಪಾಠ ಹೇಳುವುದು ನಿಲ್ಲಬೇಕು. ಪೊಲೀಸರ ಬಳಿ ಹೋಗುವುದು ಬೇಡವೆಂದು ಗಂಡನ ಮನೆಯವರು ಹೇಳಿದ್ದರು. ಮಕ್ಕಳಿಗೆಂದೇ ಇರುವ ಈಗಿನ ಕಾನೂನು ಆಗ ಇರಲಿಲ್ಲ. ಭವನದ ಸಮಿತಿಯವರು ದುಡುಕುವುದು ಬೇಡ ಅಂದರು. ಅವರಲ್ಲಿ ಕೆಲವರು ನಮ್ಮ ಚರ್ಚೆಗೂ ಬರುವವರು. ಎರಡೂ ಕಡೆ ಕೇಳಿ ತೀರ್ಮಾನಿಸೋಣವೆಂದು ಅವರೇ ಸೂಚಿಸಿದ ಮೇಲೆ, ಯಾರ ಹೆಸರೂ ಇಲ್ಲದೆ, ‘ಮಕ್ಕಳ ಮಾತನ್ನು ಎಷ್ಟು ನಂಬಬಹುದು’ ಎಂಬುದು ಆ ತಿಂಗಳ ವಿಷಯವಾಯಿತು.

ಸಭೆಯ ದಿನ ಕೊಪ್ಪದಲ್ಲಿ ಬಸ್ಸಿಳಿದವಳೇ ತಂಗಿ ಕೇಳಿದಳು, “ಅಣ್ಣ, ಇದ್ರಲ್ಲಿ ವಿರೋಧ ಅಂದ್ರೆ ಎಂತ ಮಾತಾಡ್ತಾರೆ?”

“ಸುಮ್ನೆ ವಾದ ಮಾರಾಯ್ತಿ.”

“ಸುಮ್ನೆ ಆದ್ರೆ ಸುಮ್ನೆ ಕೂರ್‍ಲಿ ಅಲ್ದಾ?”

ಮಕ್ಕಳನ್ನು ನಂಬಬೇಕೆಂದು ಪರವಾಗಿ ಮಾತಾಡಿದವರು ಒಬ್ಬ ಶಿಕ್ಷಕಿ. ಚೆನ್ನಾಗಿ ಮಾತಾಡಿದರು ಎಂಬ ಭಾವನೆ ಮಾತ್ರ ಉಳಿದಿದೆ. ಒಂದು ವಾಕ್ಯವೂ ನೆನಪಿಲ್ಲ. ಅರ್ಥಧಾರಿಯ ವಾಕ್ಯಗಳನ್ನು ಈಗಲೂ ಒಪ್ಪಿಸಬಲ್ಲೆ. “ಒಂದು ಹೆಸರು ಕಟ್ಟಲಿಕ್ಕೆ ಆಯುಷ್ಯ ಬೇಕು, ಕೆಡವಲಿಕ್ಕೆ ಒಂದು ಮಗುವಿನ ಕನಸು ಸಾಕು.” “ನಾಳೆಯಿಂದ ಅಜ್ಜ ಮೊಮ್ಮಗಳನ್ನ ತೊಡೆ ಮೇಲೆ ಕೂರಿಸ್ಕೊಳ್ಳಲಿಕ್ಕೂ ಪೊಲೀಸರ ಅಪ್ಪಣೆ ಬೇಕೋ?” ನಗು ಬಂದದ್ದು ಇಲ್ಲೇ, ಚಪ್ಪಾಳೆಯೂ. ನನ್ನ ನೆನಪು ಯಾರ ಪಕ್ಷ ವಹಿಸಿದೆ ಎಂಬುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಇಂಥ ವಾದಗಳ ಇತಿಹಾಸ ಬರೆಯಹೊರಟವರಿಗೆಲ್ಲ ಹೀಗೇ ಆಗುತ್ತದೆಯೋ ಏನೋ: ಸಮರ್ಥಿಸಿದವರ ಮಾತು ಸಿಗುತ್ತದೆ, ಮಗುವಿನ ಮಾತು ಸಿಗುವುದಿಲ್ಲ.

ಪ್ರಶ್ನೆಗಳ ಹೊತ್ತಿಗೆ ತಂಗಿ ಎದ್ದು ನಿಂತಳು.

“ಚೆಂದ ಮಾತಾಡಿದ್ರಿ. ನಿಮ್ಮ ಮೊಮ್ಮಗಳನ್ನ ಅಂಥವನ ಪಾಠಕ್ಕೆ ಕಳಿಸ್ತೀರಾ?”

“ತಂಗಿ, ನಾನು ಪಾತ್ರ ವಹಿಸಿದ್ದಷ್ಟೆ. ನನ್ನ ಅಭಿಪ್ರಾಯ ಅಲ್ಲ ಅದು.”

“ಹಂಗಾರೆ ನಿಮ್ಮ ಅಭಿಪ್ರಾಯ ಹೇಳಿ.”

“ಅರ್ಥಧಾರಿ ಹತ್ರ ಸ್ವಂತ ಅಭಿಪ್ರಾಯ ಕೇಳ್ತಾರಲ್ಲ ಮಾರಾಯ್ರೆ!” ಎಂದು ಹಿಂದಿನಿಂದ ಯಾರೋ ಅಂದರು. ಮತ್ತೆ ನಗು. ಕಾಫಿ ಆರುತ್ತದೆ ಎಂದು ಅಧ್ಯಕ್ಷರು ಎದ್ದರು. ಅರ್ಥಧಾರಿ ಏನೋ ಹೇಳಲು ಬಾಯಿ ತೆರೆದರೆಂದು ನನ್ನ ನೆನಪು. ತಂಗಿ, ಇಲ್ಲ, ಅವರು ಶಾಲು ಸರಿಮಾಡಿಕೊಳ್ಳುತ್ತಿದ್ದರು ಎನ್ನುತ್ತಾಳೆ.

ತಾಳಮದ್ದಳೆಯಲ್ಲಿ ವೇಷವಿಲ್ಲ. ಬಣ್ಣ ಒರೆಸಿಕೊಳ್ಳುವ ಕೆಲಸವೂ ಇಲ್ಲ. ಹಾಗಾಗಿ ಪಾತ್ರ ಎಲ್ಲಿ ಮುಗಿದು ಮನುಷ್ಯ ಎಲ್ಲಿ ಶುರುವಾದ ಎಂದು ನೋಡಿ ಹೇಳಲಾಗದು. ಆಮೇಲೆ ನನಗೆ ಅದೇ ಒಂದು ಗೀಳಾಯಿತು. ಮದುವೆ ಊಟದ ಪಂಕ್ತಿಯಲ್ಲಿ, ಕ್ಷೌರದಂಗಡಿಯಲ್ಲಿ, ಪತ್ರಿಕೆಗಳ ಓದುಗರ ಅಂಕಣದಲ್ಲಿ ಇಂಥ ವಿಷಯ ಬಂದರೆ ಕಿವಿ ನೆಟ್ಟಗಾಗುತ್ತಿತ್ತು. ಅರ್ಥಧಾರಿ ಆ ವಾಕ್ಯಗಳನ್ನು ಹೊಸದಾಗಿ ಹೊಸೆದಿರಲಿಲ್ಲ. ‘ನಾನು ಸಮರ್ಥಿಸುತ್ತಿಲ್ಲ, ಆದರೆ’ ಎಂದು ಶುರುವಾಗಿ, ಆರೋಪ ಹೊತ್ತವನ ಹೆಸರು, ಮನೆತನ, ವಯಸ್ಸು ಇವುಗಳ ಮೇಲೆ ಕನಿಕರ ಸುರಿದು, ಕೊನೆಗೆ ‘ಹುಡುಗಿಯ ಒಳ್ಳೆಯದಕ್ಕೇ ಸುಮ್ಮನಿರಿ’ ಎಂದು ಮುಗಿಯುವ ಮಾತು ಎಲ್ಲ ಕಡೆ ತಯಾರಾಗಿಯೇ ಇತ್ತು. ಪಾತ್ರ ವಹಿಸಿಲ್ಲದವರೂ ಅದನ್ನೇ ಆಡುತ್ತಿದ್ದರು. ಆದ ಸಂಗತಿಗೆ ಮಾತ್ರ ಯಾರ ಬಾಯಲ್ಲೂ ಹೆಸರಿರಲಿಲ್ಲ. ‘ಆ ವಿಷಯ’, ಅಷ್ಟೆ.

ಎರಡೂ ಕಡೆಯವರು ಸಮಸಮ ಮಾತಾಡಿದರೆಂದು ಸಮಿತಿಯವರು ಹೇಳಿದರು. ಸಮವಾದ ಮೇಲೆ ಇದ್ದದ್ದು ಇದ್ದ ಹಾಗೇ ನಡೆಯಬೇಕಲ್ಲ, ಪಾಠ ನಡೆಯಿತು. ಊರು ಬಿಟ್ಟದ್ದು ಹುಡುಗಿ. ತಂಗಿ ಅವಳನ್ನು ತನ್ನ ತವರಿಗೆ, ಬೇಗಾರಿನ ನಮ್ಮ ಚಿಕ್ಕಮ್ಮನ ಮನೆಗೆ ಕರೆತಂದು, ಅಲ್ಲಿಯ ಶಾಲೆಗೆ ಸೇರಿಸಿದಳು. “ನನ್ ಕೂಸನ್ನ ನಾ ನಂಬ್ತೆ, ನಂಗೆ ಭಾಷಣ ಬ್ಯಾಡ” ಅಂದರಂತೆ ಚಿಕ್ಕಮ್ಮ. ನಮ್ಮ ಚರ್ಚೆಯಲ್ಲಿ ಇಷ್ಟು ಹೇಳಿದವರು ಯಾರಾದರೂ ಇದ್ದರೇ ಎಂದು ಯೋಚಿಸಿದ್ದೇನೆ. ಆ ಶಿಕ್ಷಕಿ ಹೇಳಿರಲೂಬಹುದು.

ಅರ್ಥಧಾರಿ ಈಗಿಲ್ಲ. ಅವರ ಅಭಿಪ್ರಾಯ ಏನಿತ್ತೋ ನನಗೆ ತಿಳಿಯದು. ಮರುವಾರ ಆ ಪಾಠಕ್ಕೆ ಹೋಗಿ ಕೂತ ಉಳಿದ ಮಕ್ಕಳು ಯಾರು, ಅವರಲ್ಲಿ ಯಾರಾದರೂ ಮನೆಯಲ್ಲಿ ಏನಾದರೂ ಹೇಳಿದರೋ, ಹೇಳಿದ್ದರೆ ಯಾರು ಕೇಳಿಸಿಕೊಂಡರು, ಅದೂ ನನಗೆ ಗೊತ್ತಿಲ್ಲ.