ಹುಳುವಿನ ಮನೆಯ ಹೊಸಿಲು

ನಮ್ಮ ಅಣ್ಣ ಸುಳ್ಳು ಹೇಳುವ ಪೈಕಿಯಲ್ಲ. ಬೇಕೆಂದೇ ಸುಳ್ಳು ಹೇಳಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಲೂ ಇರಲಿಲ್ಲ. ಹೋದ ಮಳೆಗಾಲದ ಒಂದು ಬೆಳಗ್ಗೆ, ಸಾದಲಿ ಹತ್ತಿರದ ನಮ್ಮೂರ ಮನೆಯ ಜಗಲಿಯಲ್ಲಿ ಕಾಫಿ ಲೋಟ ಹಿಡಿದು ಕೂತು ತನ್ನ ಸೊಸೆಗೆ ಅವನೊಂದು ಉತ್ತರ ಕೊಟ್ಟ. ಆ ಉತ್ತರವನ್ನು ಅವನು ಪೂರ್ತಿಯಾಗಿ ನಂಬಿದ್ದ.

ಅವತ್ತು ಶೆಡ್ಡಿನಲ್ಲಿ ರೇಷ್ಮೆ ಹುಳು ಹಣ್ಣಾಗತೊಡಗಿದ್ದವು. ಅಂದರೆ ಸೊಪ್ಪು ತಿನ್ನುವುದನ್ನು ಬಿಟ್ಟು, ಮೈ ತಿಳಿಯಾಗಿ, ಗೂಡು ಕಟ್ಟಲು ತಲೆಯೆತ್ತಿ ಜಾಗ ಹುಡುಕುತ್ತಿದ್ದವು. ಆ ಹೊತ್ತಿಗೆ ಸರಿಯಾಗಿ ಅವನ್ನು ಆರಿಸಿ, ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ಚಂದ್ರಿಕೆಯ ಮೇಲೆ ಬಿಡದಿದ್ದರೆ ಸಿಕ್ಕಸಿಕ್ಕಲ್ಲಿ ನೂಲು ಸುರಿದು ಹಾಳಾಗುತ್ತವೆ. ಕೂಲಿ ಹೆಂಗಸರ ಟೆಂಪೊ ಇನ್ನೂ ಬಂದಿರಲಿಲ್ಲ. ಸೊಸೆಗೆ ದಿಕ್ಕು ತೋಚದಂತಾಗಿತ್ತು.

"ಮಾವ, ಅತ್ತೆ ಯಾಕೆ ಶೆಡ್ಡಿಗೆ ಬರೋದೇ ಇಲ್ಲ? ಇವತ್ತೊಂದಿನ ಕೈ ಹಾಕಿದ್ರೆ ಎಷ್ಟೋ ಆಗೋದು."

"ಅವಳಿಗೆ ಹುಳ ಅಂದ್ರೆ ಅಸಹ್ಯ ಕಣಮ್ಮ. ಮೊದಲಿಂದ್ಲೂ ಅಷ್ಟೇ, ಮುಟ್ಟಲ್ಲ," ಅಂದ ಅಣ್ಣ.

ಅಣ್ಣನ ಹೆಂಡತಿ, ನನ್ನ ಅತ್ತಿಗೆ, ಹತ್ತು ಮಾರು ದೂರದಲ್ಲಿ ಹಿಪ್ಪುನೇರಳೆ ಕಡ್ಡಿಯ ಹೊರೆ ಇಳಿಸುತ್ತಿದ್ದಳು. ಕೇಳಿಸಿಯೇ ಇರಬೇಕು. ಹೊರೆಯನ್ನು ಎಂದಿನಂತೆ ಶೆಡ್ಡಿನ ಹೊಸಿಲಿಗೆ ಒರಗಿಸಿ ಹಿಂದಕ್ಕೆ ಸರಿದು ನಿಂತಳು.

ಅಸಹ್ಯವಂತೆ! ಚಿಂತಾಮಣಿ ಕಡೆಯಿಂದ ಅವಳು ಸೊಸೆಯಾಗಿ ಬಂದಾಗ ನನಗೆ ಹದಿಮೂರು. ಹುಳುವಿನ ಕೆಲಸ ಅವಳಷ್ಟು ಬಲ್ಲವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಹುಳುವನ್ನು ಬೆಳಕಿಗೆ ಹಿಡಿದು ಹಣ್ಣಾಗಿದೆಯೋ ಇಲ್ಲವೋ ನೋಡುವುದನ್ನು ನನಗೆ ಹೇಳಿಕೊಟ್ಟವಳೇ ಅವಳು. "ಏಮ್ಮಾ, ಹುಳಾನ ಚೇಳು ಹಿಡ್ದಂಗೆ ಹಿಡೀತೀಯಲ್ಲ," ಎಂದು ನಗುತ್ತಿದ್ದಳು. ಅವಳ ಬೆರಳುಗಳು ತಟ್ಟೆಯ ಮೇಲೆ ಓಡಾಡುವುದನ್ನು ನೋಡುತ್ತಾ ನಾನು ಸ್ಕೂಲಿಗೆ ಹೊತ್ತಾಗುವುದನ್ನೂ ಮರೆಯುತ್ತಿದ್ದೆ.

ಆಗ ಹುಳು ಸಾಕುತ್ತಿದ್ದದ್ದು ಮನೆಗೆ ಅಂಟಿಕೊಂಡಿದ್ದ ಒಂದು ಕೋಣೆಯಲ್ಲಿ. ಅದಕ್ಕೆ ಹುಳುವಿನ ಮನೆ ಎಂದೇ ಹೆಸರು. ದೇವರ ಮನೆಗಿಂತ ಮಡಿ ಅದಕ್ಕೆ ಜಾಸ್ತಿ. ಹೊರಗಾದ ಹೆಂಗಸರು ಮೂರು ದಿನ ಅತ್ತ ಸುಳಿಯುವಂತಿರಲಿಲ್ಲ. ಅವರ ನೆರಳು ಬಿದ್ದರೂ ಹುಳು ಸಾಯುತ್ತವೆ ಎನ್ನುತ್ತಿದ್ದಳು ಅಮ್ಮ. ನಮ್ಮ ಮನೆಯಲ್ಲಷ್ಟೇ ಅಲ್ಲ, ಶಿಡ್ಲಘಟ್ಟ ಸುತ್ತಮುತ್ತ ಹುಳು ಸಾಕುವ ಎಷ್ಟೋ ಮನೆಗಳಲ್ಲಿ ಇದೇ ಕಟ್ಟಳೆ.

ಒಂದು ಜಡಿಮಳೆಯ ಮಧ್ಯಾಹ್ನ ಅಮ್ಮ ತೋಟಕ್ಕೆ ಹೋಗಿದ್ದಳು. ಅತ್ತಿಗೆ ಹೊರಗೆ ಕೂತು ಅವತ್ತಿಗೆ ಮೂರನೇ ದಿನ. ಹುಳುವಿನ ಮನೆಯ ಹೆಂಚು ಸೋರಿ ತಟ್ಟೆಗಳ ಮೇಲೆ ನೀರು ಬೀಳುವ ಸದ್ದು ಅವಳಿಗೆ ಕೇಳಿಸಿತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಒಳಗೆ ಓಡಿ ತಟ್ಟೆಗಳನ್ನೆಲ್ಲ ಒಣ ಜಾಗಕ್ಕೆ ಸರಿಸಿ, ಹೊರಗೆ ಬಂದು ಕೂತಳು. ಸಾಯಂಕಾಲ ಅಮ್ಮನಿಗೆ ತಾನೇ ಹೇಳಿದಳು. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಆದರೆ ಮುಚ್ಚಿಡುವ ಬುದ್ಧಿ ಅವಳದ್ದಲ್ಲ. ಅದು ನನ್ನದು.

ವಾರದೊಳಗೆ ಹುಳುಗಳು ಬೆಳ್ಳಗೆ, ಸೀಮೆಸುಣ್ಣದ ತುಂಡಿನಂತೆ ಸೆಟೆದುಕೊಂಡವು. ಸುಣ್ಣಕಟ್ಟು ರೋಗ. ತಟ್ಟೆಗೆ ತಟ್ಟೆಯೇ ಹೋಯಿತು. ಅಂಗಳದಲ್ಲಿ ಎಲ್ಲರೂ ನಿಂತಿದ್ದಾಗ ಅಣ್ಣ ಅವಳಿಗೆ ಹೇಳಿದ, "ಇನ್ಮೇಲೆ ನೀನು ಹುಳುವಿನ ಮನೆ ಹೊಸಿಲು ದಾಟ್ಬೇಡ. ಮೂರು ದಿನ ಅಲ್ಲ, ಯಾವತ್ತೂ."

ಮುಂದಿನ ಬೆಳೆಯಲ್ಲಿ ನಾನು ಹೊರಗಾದೆ. ದೊಡ್ಡವಳಾಗಿ ಆಗಿನ್ನೂ ಕೆಲವೇ ತಿಂಗಳು. ಯಾರಿಗೂ ಹೇಳಲಿಲ್ಲ. ಮೂರು ದಿನವೂ ಹುಳುವಿನ ಮನೆಯೊಳಗೇ ಇದ್ದೆ. ಸೊಪ್ಪು ಹಾಕಿದೆ, ಕಸ ತೆಗೆದೆ, ಬೇಕೆಂದೇ ಒಂದೊಂದು ತಟ್ಟೆಯನ್ನೂ ಮುಟ್ಟಿದೆ. ಸತ್ತರೆ ಸಾಯಲಿ, ನಿಜ ಏನೆಂದು ನನಗೊಬ್ಬಳಿಗಾದರೂ ಗೊತ್ತಾಗಲಿ ಎನ್ನುವ ಮೊಂಡು. ಒಂದು ಹುಳುವೂ ಸಾಯಲಿಲ್ಲ. ಅಂಥ ಗಟ್ಟಿ ಗೂಡು ನಮ್ಮ ಮನೆಯಲ್ಲಿ ಅದಕ್ಕೆ ಮೊದಲು ಬಂದಿರಲಿಲ್ಲ. ಅಮ್ಮ ಗೂಡನ್ನು ಮೊರದಲ್ಲಿ ತುಂಬಿಕೊಂಡು ಬಂದು, ಅತ್ತಿಗೆಗೆ ಕೇಳಿಸುವಂತೆ, "ನೋಡು, ಮೈಲಿಗೆ ಇಲ್ದಿದ್ರೆ ಹೆಂಗೆ ಬರುತ್ತೆ ಬೆಳೆ!" ಅಂದಳು.

ಅತ್ತಿಗೆ ತಲೆ ತಗ್ಗಿಸಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ನನ್ನನ್ನೂ ಆ ಹೊಸಿಲಿನಾಚೆ ನಿಲ್ಲಿಸುತ್ತಿದ್ದರು.

ಅವತ್ತು ಚಿಕ್ಕವಳು, ಹೆದರಿದೆ, ಸರಿ. ಆಮೇಲೆ? ಓದಿದೆ, ಮಂಚೇನಹಳ್ಳಿಯಲ್ಲಿ ವಿಜ್ಞಾನದ ಮೇಷ್ಟ್ರಮ್ಮನಾದೆ. ಸುಣ್ಣಕಟ್ಟು ಬರುವುದು ಬೂಷ್ಟಿನಿಂದ, ಅದು ಬೆಳೆಯುವುದು ಥಂಡಿಯಲ್ಲಿ, ಸರಿಯಾಗಿ ತೊಳೆಯದ ತಟ್ಟೆಯಲ್ಲಿ ಎಂದು ವರ್ಷ ವರ್ಷವೂ ಮಕ್ಕಳಿಗೆ ಪಾಠ ಮಾಡಿದೆ. ಹಬ್ಬಕ್ಕೆ ಊರಿಗೆ ಬಂದಾಗ, ಹುಳು ಹೊಸ ಶೆಡ್ಡಿಗೆ ಹೋದ ಮೇಲೂ ಹೊಸಿಲಲ್ಲೇ ಸೊಪ್ಪು ಇಳಿಸಿ ಹಿಂದೆ ಸರಿಯುವ ಅತ್ತಿಗೆಯನ್ನು ನೋಡಿಯೂ ನೋಡದವಳಂತೆ ಒಬ್ಬಟ್ಟು ತಿಂದು ಬಸ್ಸು ಹತ್ತಿದೆ.

ಈಗ ಆ ಕಟ್ಟಳೆ ಇಲ್ಲ. ಹೋದದ್ದು ಹೇಗೆ ಎಂದು ಕೇಳಿದರೆ ನಗು ಬರುತ್ತದೆ. ಯಾರಿಗೂ ಜ್ಞಾನೋದಯವಾಗಲಿಲ್ಲ, ಕೂಲಿಯವರು ಸಿಗುವುದು ಕಷ್ಟವಾಯಿತು, ಅಷ್ಟೇ. ಟೆಂಪೊದಿಂದ ಇಳಿಯುವ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಯಾರ್‍ಯಾರು ಹೊರಗಾಗಿದ್ದೀರಿ ಎಂದು ಕೇಳಿದರೆ ಮರುದಿನ ಟೆಂಪೊ ಪಕ್ಕದೂರಿಗೆ ಹೋಗುತ್ತದೆ. ಹಾಗಾಗಿ ಕೇಳುವುದು ನಿಂತಿತು. ಬರುವಾಗ ತಮಟೆ ಹೊಡೆಸಿಕೊಂಡು ಬಂದಿದ್ದ ಧರ್ಮ, ಹೋಗುವಾಗ ಹಿತ್ತಲ ಬಾಗಿಲಿನಿಂದ ಸದ್ದಿಲ್ಲದೆ ಹೋಯಿತು. ಹೋಗಲಿ, ಪೀಡೆ ತೊಲಗಿತು. ಆದರೆ ಆ ಕಟ್ಟಳೆಗೆ ಬಲಿಯಾದವಳ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ. ಕೊಟ್ಟ ಶಿಕ್ಷೆಯನ್ನು ಯಾರೂ ವಾಪಸು ತೆಗೆದುಕೊಳ್ಳಲಿಲ್ಲ. ಅದರ ಮೇಲೆ, ಅವಳಿಗೇ ಅಸಹ್ಯ ಎಂದು ಹೊಸ ಕಥೆ ಬೇರೆ.

ಜಗಲಿಯಲ್ಲಿ ಅಣ್ಣನ ಪಕ್ಕ ಕೂತಿದ್ದ ನಾನು ಕಾಫಿ ಲೋಟ ಕೆಳಗಿಟ್ಟೆ. "ಯಾರಿಗಣ್ಣ ಅಸಹ್ಯ? ಹೊಸಿಲು ದಾಟ್ಬೇಡ ಅಂದೋನು ನೀನು."

"ನಾನೆಲ್ಲಿ ಅಂದೆ? ನಮ್ಮನೇಲಿ ಅವೆಲ್ಲ ಎಲ್ಲಿತ್ತು ಕಣೇ? ಬೇರೆಯವರ ಮನೇಲಿತ್ತು," ಅಂದ. ನಿಜವಾಗಿಯೂ ಆಶ್ಚರ್ಯಪಟ್ಟು ಅಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಸೋರಿದ ಹೆಂಚು, ಅಂಗಳ, ಅವನಾಡಿದ ಮಾತು. "ಆ ಬೆಳೆ ಹೋಗಿದ್ದು ಬೂಷ್ಟಿಂದ. ತಟ್ಟೆ ಸರಿಯಾಗಿ ತೊಳೀದೆ ಇದ್ದಿದ್ದು ನಾವೆಲ್ಲ. ಅತ್ತಿಗೆ ತಪ್ಪು ಏನೂ ಇಲ್ಲ. ಮುಂದಿನ ಬೆಳೇಲಿ ಮೂರು ದಿನಾನೂ ಹೊರಗಾಗಿ ಒಳಗೇ ಇದ್ದೋಳು ನಾನು. ಏನಾಯ್ತು? ಒಂದಾದ್ರೂ ಹುಳ ಸತ್ತಿತಾ?"

ಸೊಸೆ ಮಾವನ ಮುಖವನ್ನೇ ನೋಡಿದಳು. ಅಣ್ಣ ಟವೆಲ್ಲಿನಿಂದ ಕತ್ತು ಒರೆಸಿಕೊಂಡ. ನಾನು ಅತ್ತಿಗೆಯ ಕಡೆ ತಿರುಗಿದೆ. ಅವಳು ಅಳುತ್ತಾಳೆ, ನನ್ನ ಕೈ ಹಿಡಿದುಕೊಳ್ಳುತ್ತಾಳೆ ಎಂದೆಲ್ಲ ಅಂದುಕೊಂಡಿದ್ದೆನೇನೋ. ನಾಚಿಕೆಯಾಗುತ್ತದೆ ಈಗ.

"ನಿಂಗೆ ಯಾವಾಗಿಂದ ಗೊತ್ತಿತ್ತು?" ಎಂದಳು.

"ಅವತ್ತಿಂದ್ಲೇ, ಅತ್ತಿಗೆ."

"ನಲವತ್ತು ವರ್ಷ," ಅಂದಳು. "ಊರ ಮಕ್ಕಳಿಗೆಲ್ಲ ಹೇಳ್ಕೊಟ್ಟೆ. ನಂಗೆ ಹೇಳೋಕೆ ಬಾಯಿ ಬರ್ಲಿಲ್ಲ. ನಾನೇ ಕೊಂದೆ ಅಂತ ಅನ್ಕೊಂಡಿದ್ದೆ ಕಣೇ ಇಷ್ಟು ವರ್ಷ. ಅಷ್ಟೂ ಹುಳಾನ ನಾನೇ ಕೊಂದೆ ಅಂತ."

ಅಣ್ಣ ನಡುವೆ ಬಾಯಿ ಹಾಕಿದ. "ಆಯ್ತು ಬಿಡು, ಹಳೇದೆಲ್ಲ ಯಾಕೀಗ. ಒಳಗೆ ಬರೋದಾದ್ರೆ ಬಾ, ಯಾರು ಬೇಡ ಅಂದ್ರು?"

ಅತ್ತಿಗೆ ಅವನ ಕಡೆ ತಿರುಗಿ, "ನೋರು ಮುಯ್ಯಿ," ಅಂದಳು. ಸಿಟ್ಟು ನೆತ್ತಿಗೇರಿದಾಗ ಅವಳಿಗೆ ತವರಿನ ತೆಲುಗು ಬರುತ್ತದೆ. ಬಾಯಿ ಮುಚ್ಚು ಎಂದು ಅರ್ಥ. ಗಂಡನಿಗೆ ಅವಳು ಹಾಗೆ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಬಾ ಅನ್ನೋಕೂ ಬೇಡ ಅನ್ನೋಕೂ ನೀನ್ಯಾರು?"

ಶೆಡ್ಡಿನ ಪಕ್ಕದ ನಲ್ಲಿಯಲ್ಲಿ ಕೈಕಾಲು ತೊಳೆದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಬಾಗಿಲಲ್ಲಿ ಹಾಸಿದ್ದ ಬ್ಲೀಚಿಂಗ್ ಪುಡಿ ಮೆಟ್ಟಿ ಹೊಸಿಲು ದಾಟಿ ಒಳಗೆ ಹೋದಳು. ಕಿಟಕಿಯ ಹತ್ತಿರ ನಿಂತು ಒಂದು ಹುಳುವನ್ನು ಬೆಳಕಿಗೆ ಹಿಡಿದು ನೋಡಿ, ಚಂದ್ರಿಕೆಗೆ ಬಿಟ್ಟಳು. ಆಮೇಲೆ ಇನ್ನೊಂದು. ಮೂರನೆಯದಕ್ಕೆ ನೋಡಬೇಕಾಗಲಿಲ್ಲ, ಬೆರಳುಗಳು ತಾವೇ ಆರಿಸತೊಡಗಿದವು. ಸೊಸೆ ಅವಳ ಹಿಂದೆಯೇ ಓಡಿದಳು.

ನಾನೂ ಹೋಗಿ ಹೊಸಿಲ ಮೇಲೆ ಕಾಲಿಟ್ಟೆ. ಅತ್ತಿಗೆ ತಿರುಗಿಯೂ ನೋಡಲಿಲ್ಲ.

"ಕಾಲು ತೊಳ್ಕೊಂಡು ಬಾ, ಮೇಷ್ಟ್ರಮ್ಮ," ಅಂದಳು. "ಬೂಷ್ಟು ಹೊತ್ಕೊಂಡು ಬರ್ಬೇಡ."

ನಲ್ಲಿಯ ಹತ್ತಿರ ವಾಪಸು ಹೋಗಿ ಕಾಲು ತೊಳೆದುಕೊಂಡೆ, ಎರಡು ಸಲ.