ಎಲೆಯ ರೋಗ ಬಲ್ಲವಳು

ಧಾರವಾಡದಲ್ಲಿ ಸಸ್ಯರೋಗ ಶಾಸ್ತ್ರ ಓದಿದ್ದ ಶೈಲಜಾ ಬೆಟಗೇರಿ, ನ್ಯೂಜೆರ್ಸಿಯಲ್ಲಿ ಲೈಸೆನ್ಸ್ ಪಡೆದು ಒಳಾಂಗಣದಲ್ಲಿ ಗಾಂಜಾ ಬೆಳೆಯುವ ಕಂಪನಿಯೊಂದರಲ್ಲಿದ್ದಳು. ಒಮ್ಮೆ ಗಿಡಗಳ ಎಳೆ ಎಲೆಗಳು ಹಳದಿಯಾಗಿ, ನರಗಳಷ್ಟೇ ಹಸಿರಾಗಿ ಉಳಿದವು. ಎಲ್ಲರೂ ಗೊಬ್ಬರ ಸುರಿದರು. ಅವಳು ನೀರು ಪರೀಕ್ಷಿಸಿ, ಕ್ಷಾರ ಹೆಚ್ಚಾಗಿ ಬೇರುಗಳು ಕಬ್ಬಿಣದ ಅಂಶ ಹೀರುತ್ತಿಲ್ಲವೆಂದು ಕಂಡುಹಿಡಿದಳು. ಕ್ಷಾರ ಇಳಿಸಿದ ಹತ್ತೇ ದಿನಕ್ಕೆ ಹಸಿರು ಚಿಗುರು ಬಂತು.

ಅಮೆರಿಕದ ಸಿಟಿಜನ್‌ಶಿಪ್ ಸಂದರ್ಶನದಲ್ಲಿ ಉದ್ಯೋಗ ಕೇಳಿದಾಗ ಇದ್ದದ್ದನ್ನೇ ಹೇಳಿದಳು. ಗಾಂಜಾ ಬೆಳೆಯುವುದನ್ನು ನ್ಯೂಜೆರ್ಸಿ ರಾಜ್ಯ ಒಪ್ಪಿದರೂ ಅಲ್ಲಿನ ಕೇಂದ್ರದ ಕಾನೂನಿಗೆ ಅದು ಅಪರಾಧ. ಅರ್ಜಿ ತಿರಸ್ಕೃತವಾಯಿತು.

“ನರ್ಸರಿ ಅಂತ ಹೇಳಬೇಕಿತ್ತು,” ಎಂದ ಗಂಡ ವಸಿಷ್ಠ.

“ನಾ ಏನ್ ಕದ್ದು ಮಾಡೇನೇನ್ರೀ? ಟ್ಯಾಕ್ಸ್ ತಗೊಳ್ಳೂವಾಗ ಯಾರೂ ಕೇಳಲಿಲ್ಲ!”

ಮರುದಿನ ಮ್ಯಾನೇಜರ್‌ಗೆ ವಿಷಯ ತಿಳಿಸಿದಳು. ಅವನು “ಸಾರಿ” ಎಂದು, ಮೂರನೇ ಕೋಣೆಯಲ್ಲಿ ಎಲೆ ಮುರುಟುತ್ತಿದೆ, ನೋಡಿ ಎಂದ.

ಶೈಲಜಾ ಕೈಗವಸು ಕಳಚಿ ಅವನ ಮೇಜಿನ ಮೇಲಿಟ್ಟು ಹೊರಬಂದಳು.